ವ್ಯಯ ಸಂವತ್ಸರ

ಖಜಾನೆಯ ಹುಡುಗ ರೇವಣಕರ ಕುರ್ಚಿ ಎಳೆದು ಕೂರಿಸಿದ.
ಅವನ ಕೀಬೋರ್ಡಿನ ಪಕ್ಕ ಅರ್ಧ ಕುಡಿದಿಟ್ಟ ಸೋಲ್ ಕಡಿ.
"ನಿಮ್ಮ ಪ್ರಾಣ್ ಹೇಳಿ, ಅಮ್ಮಾ."
ಹೇಳಿದೆ. ಹನ್ನೆರಡು ಅಂಕಿ, ಬಾಯಿಪಾಠ.
ಇಪ್ಪತ್ತು ವರ್ಷ ಸಂಬಳದಲ್ಲಿ ನೂರಕ್ಕೆ ಹತ್ತು ಮುರಿಸಿಕೊಂಡು
ಮುಂಬಯಿಯಲ್ಲಿ ಎಲ್ಲೋ ಬೆಳೆಯುತ್ತಿದ್ದ ಪ್ರಾಣ.
ಶೇರು ಬಿದ್ದ ದಿನ ಬಿತ್ತಂತೆ, ಎದ್ದ ದಿನ ಎದ್ದಿತಂತೆ,
ನಾನು ಆಗ ಮಕ್ಕಳ ಹಾಜರಿ ಕೂಡಿಸುತ್ತಿದ್ದೆ.

ಅರವತ್ತು ಪಾಲು ಕೈಗೆ. ಸೋರುವ ಹೆಂಚಿಗೆ, ಮಗಳ ಸಾಲಕ್ಕೆ.
ಉಳಿದ ನಲವತ್ತಕ್ಕೆ ವರ್ಷಾಶನ.
ದೇವರ ನಂದಾದೀಪಕ್ಕೆಂದು ಕೊಡುತ್ತಿದ್ದರಲ್ಲ, ಅದೇ ಶಬ್ದ.
ತಿಂಗಳಿಗೆ ನಾಲ್ಕು ಸಾವಿರದ ಇನ್ನೂರ ಹದಿನಾರು.
ಎಣ್ಣೆಯ ದರ ಏರಲಿ ಬಿಡಲಿ,
ಈ ತಿಂಗಳೂ ಅಷ್ಟೆ, ನನ್ನ ಎಂಬತ್ತಕ್ಕೂ ಅಷ್ಟೆ.

ಇನ್ನೊಂದು ಪುಸ್ತಕ ಇದೆ, ಹಳದಿ ರಟ್ಟಿನದು.
ಉಮಾಕಾಂತ ಹರಿಕಂತ್ರ, ಖಲಾಸಿ, ಬಂದರು ಇಲಾಖೆ.
ಲಾಂಚಿನ ಹಗ್ಗ ಕಡಿದು ಬಡಿದ ದಿನವೇ ಅವರ ಸೇವೆ ಮುಗಿಯಿತು.
ಆ ಪುಸ್ತಕಕ್ಕೆ ಇನ್ನು ವರ್ಷಕ್ಕೆರಡು ಸಲ ತುಟ್ಟಿಭತ್ಯೆ.
ವೇತನ ಆಯೋಗ ಕೂತಾಗ ಅದೂ ಕೂತು ಏಳುತ್ತದೆ.
ಸತ್ತವರಿಗೆ ಅಕ್ಕಿಯ ದರ ಗೊತ್ತು.
ಬದುಕಿದವಳ ಪುಸ್ತಕಕ್ಕೆ ಗೊತ್ತಿಲ್ಲ.

ಹೀಗಾದದ್ದು ಒಂದು ಇಳಿತದಿಂದ.

ಎರಡು ಸಾವಿರದ ಆರು, ಯುಗಾದಿಯ ಮರುದಿನ, ಶುಕ್ರವಾರ.
ಹೊಸ ಸಂವತ್ಸರದ ಹೆಸರು ವ್ಯಯ, ಪಂಚಾಂಗ ನೋಡಿ ಅತ್ತೆ ಮುಖ ಸಿಂಡರಿಸಿದ್ದರು.
ಅನುಕಂಪದ ಆಧಾರದ ಆದೇಶ ಮಧ್ಯಾಹ್ನ ಕಾರವಾರದಲ್ಲಿ ಕೈಗೆ ಬಂತು.
ಅಂಕೋಲೆ, ಮಾದನಗೇರಿ, ಬಸ್ಸು ಕೆಟ್ಟು ಅರ್ಧ ತಾಸು,
ತದಡಿಗೆ ಬರುವಾಗ ಹೊಳೆ ಹಿಂದೆ ಸರಿದಿತ್ತು.
ಅಮಾವಾಸ್ಯೆ ಕಳೆದ ಬಿದಿಗೆ. ಅಳಿವೆಯ ಹೊಟ್ಟೆ ಕಾಣುವ ಇಳಿತ.
ದೋಣಿ ಹತ್ತು ಮಾರು ಹೋಗಿ ಕೆಸರಿಗೆ ಕೂತಿತು.
ಸುತ್ತ ಹೆಂಗಸರು ಸೀರೆ ಎತ್ತಿಕಟ್ಟಿ ಬೆಳಚು ಹೆಕ್ಕುತ್ತಿದ್ದರು.
ಆಚೆ ದಡದಲ್ಲಿ ಹೈಸ್ಕೂಲಿನ ಗಂಟೆ. ಗುಮಾಸ್ತೆಯ ಕುರ್ಚಿ ಖಾಲಿ.

"ನಾಳೆ ಹೋದ್ರಾಯ್ತು, ತಂಗಿ," ಅಂದ ಹುಟ್ಟು ಹಾಕುವ ಬೊಮ್ಮಯ್ಯ,
"ಒಂದ್ ದಿವ್ಸದಾಗೆ ಶಾಲೆ ಓಡಿ ಹೋಗ್ತದಾ?"

ಶಾಲೆ ಓಡಲಿಲ್ಲ.

ಶನಿವಾರ ಬೆಳಿಗ್ಗೆ ಹೆಡ್ಮಾಸ್ತರರು ಹಾಜರಿ ಬರೆದರು, ಒಳ್ಳೆಯ ಕೈಬರಹ:
ಒಂದನೇ ಏಪ್ರಿಲ್, ಪೂರ್ವಾಹ್ನ.
ಅದೇ ಒಂದನೇ ತಾರೀಕಿನಿಂದ ಹೊಸ ಪಿಂಚಣಿ,
ಅದು ನಮಗೆ ಗೊತ್ತಾಗುವಾಗ ವರ್ಷಗಳೇ ಕಳೆದಿದ್ದವು.
ಅದೇ ಆದೇಶದ ಕಟ್ಟಿನಲ್ಲಿದ್ದ ಫಾತಿಮಾಬಿ
ಕಾರವಾರದಲ್ಲೇ ರಸ್ತೆ ದಾಟಿ ಹಾಜರಾದಳು, ಅಪರಾಹ್ನ ನಾಲ್ಕಕ್ಕೆ.
ಅವಳದು ಹಳೆಯದು. ನನ್ನದು ಹೊಸದು.
ನಮ್ಮ ನಡುವೆ ಒಂದು ರಾತ್ರಿ, ಒಂದು ಭರತಿ.

ಕೂಗಿದೆವು, ಬಿಳಿ ಟೊಪ್ಪಿ ಹಾಕಿಕೊಂಡೆವು.
ಆಮೇಲೆ ಒಂದು ಆದೇಶ ಬಂತು:
ಹಾಜರಾದದ್ದು ಯಾವಾಗಲೇ ಇರಲಿ,
ನೇಮಕದ ಅಧಿಸೂಚನೆ ಮೊದಲೇ ಹೊರಟಿದ್ದರೆ ಹಳೆಯದೇ ಸಿಗುತ್ತದೆ.
ಕುಣಿದವರಿದ್ದಾರೆ. ನನ್ನ ಕಡತ ತಿರುಗಿ ಬಂತು:
"ಅಧಿಸೂಚನೆಯ ದಿನಾಂಕ ನಮೂದಿಸಿಲ್ಲ."
ಎಲ್ಲಿಂದ ನಮೂದಿಸಲಿ?
ಗಂಡ ಸಾಯುತ್ತಾನೆಂದು ಯಾರೂ
ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುವುದಿಲ್ಲ.

ಲೆಕ್ಕ ನನಗೆ ಬರುತ್ತಿತ್ತು, ಬೇಸರ ಅದಕ್ಕೆ.
ಮದುವೆಯಾದ ಹೊಸತರಲ್ಲಿ ಅವರೇ ಕಲಿಸಿದ್ದರು,
ತಿಥಿ ಎಣಿಸಿ ನೀರಿನ ತಾಸು ಹೇಳುವುದು.
ಬಿದಿಗೆ ಎಂದರೆ ಸಂಜೆಗೆ ನೀರಿಲ್ಲ,
ನಾಕರೊಳಗೆ ದಾಟಿಕೋ ಎನ್ನುತ್ತಿದ್ದರು.
ಆ ದಿನ ಸರಕಾರದ ಕಾಗದ ಕೈಯಲ್ಲಿತ್ತು, ಚಂದ್ರ ಮರೆತುಹೋಗಿದ್ದ.

ರೇವಣಕರ ಎರಡು ಅರ್ಜಿ ಮುಂದಿಟ್ಟ.
ಇನ್ನು ಪ್ರತಿ ನವೆಂಬರದಲ್ಲಿ:
ನಾನು ಬದುಕಿದ್ದೇನೆ, ಇಲ್ಲಿ ಸಹಿ.
ನಾನು ಮರುಮದುವೆಯಾಗಿಲ್ಲ, ಇಲ್ಲಿ.
"ನಿಂದೂ ಪ್ರಾಣೇ ಏನೋ?" ಕೇಳಿದೆ.
"ನಂದು ಇನ್ನೂ ಮೂವತ್ತೊಂದು ವರ್ಷ, ಅಮ್ಮಾ,"
ಅಂದು ಉಳಿದ ಸೋಲ್ ಕಡಿ ಒಂದೇ ಗುಟುಕಿಗೆ ಮುಗಿಸಿದ.

ಸಂಜೆ ತದಡಿಯಲ್ಲಿ ಬಸ್ಸಿಳಿದೆ.
ನೀರು ದಡದ ಕಲ್ಲಿನ ಎರಡನೇ ಮೆಟ್ಟಿಲ ತನಕ ತುಂಬಿತ್ತು.
ಇವತ್ತು ದಾಟಬೇಕಾದ್ದೇನೂ ಇರಲಿಲ್ಲ.
ಸುಮ್ಮನೆ ತಿಥಿ ಎಣಿಸಿದೆ. ಸರಿಯಾಗಿತ್ತು.