ಒಂತೆ

ದೂಮಣ್ಣ ಕರ್ಕೇರರು ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ
ಹದಿನೇಳು ಹೆಜ್ಜೆ, ನೀಲಿ ಶಾಯಿ,
ಮೂಲೆಗೆ ಮೀನೆಣ್ಣೆಯ ಕಲೆ.
ಮಂಗಳೂರು, ಮಲ್ಪೆ, ಗಂಗೊಳ್ಳಿ,
ಮೂರು ದಕ್ಕೆಯ ಏಲಂ ಲೆಕ್ಕಕ್ಕೆ ಹೊಸ ಆವೃತ್ತಿ ಏರಿಸುವ ವಿಧಿ:
ಮೊದಲು ಪರೀಕ್ಷೆಯ ಸರ್ವರು,
ಆಮೇಲೆ ತಾಲೀಮಿನದು,
ಕೊನೆಗೆ ನಿಜದ್ದು, ರಾತ್ರಿ ಎರಡೂವರೆಗೆ,
ಬೋಟು ಬರುವ ಮೊದಲು.

ಹದಿನಾರನ್ನು ಸ್ಕ್ರಿಪ್ಟಿಗೆ ಇಳಿಸಲು ನಾಲ್ಕು ವಾರ ಹಿಡಿಯಿತು.
ಪಾಸ್‌ವರ್ಡ್ ಬರೆದ ಪುಟ ಹರಿದೆ.
ಮಲ್ಪೆಗೆ ಮಾತ್ರ ಬೇರೆ ಪೋರ್ಟು, ಯಾಕೆಂದು ಯಾರಿಗೂ ಗೊತ್ತಿಲ್ಲ,
ಹಾಗೇ ಇಟ್ಟೆ.
ಉಳಿದದ್ದು ಹನ್ನೆರಡನೆಯದು. ಬರೆದದ್ದು ಇಷ್ಟೇ:
‘ಒಂತೆ ಉಂತೊಡು.’
ಸ್ವಲ್ಪ ನಿಲ್ಲಬೇಕು.

ಸ್ವಲ್ಪ ಅಂದರೆ ಎಷ್ಟು?
ಯಂತ್ರಕ್ಕೆ ಅಂಕಿ ಬೇಕು.
ತೊಂಬತ್ತು ಸೆಕೆಂಡು ಎಂದು ಬರೆದೆ.
ನಫೀಸ ಕೇಳಿದಳು, ತೊಂಬತ್ತೇ ಯಾಕೆ?
ನೂರು ಜಾಸ್ತಿ ಅನ್ನಿಸಿತು, ಅಂದೆ.

ಜೂನ್, ಜುಲೈ, ಮೂರೂ ಕಡೆ ದೀಪ ಹಸಿರು.
ನಾನು ನಿದ್ದೆ ಮಾಡಿದೆ.
ನಿಷೇಧದಲ್ಲಿ ಬೋಟುಗಳೂ ನಿದ್ದೆ ಮಾಡಿದ್ದವು,
ಅದು ಹೊಳೆಯಲಿಲ್ಲ.

ಆಗಸ್ಟಿನಲ್ಲಿ ಗಂಗೊಳ್ಳಿಗೆ ಬಂಗುಡೆ ಬಿತ್ತು,
ದೋಣಿ ತುಂಬಿ ಹೊತ್ತಿಗೆ ಮೊದಲೇ ದಡಕ್ಕೆ.
ಹನ್ನೊಂದು ಚೀಟಿ ಕಾಣೆ.
ಬೆಳಿಗ್ಗೆ ಫೋನಿನಲ್ಲಿ ಬೇಬಿಯಕ್ಕ:
‘ನನ್ನ ನಲವತ್ತು ಬುಟ್ಟಿಯನ್ನು ನಿಮ್ಮ ಕಂಪ್ಯೂಟರು ತಿಂದಿತಾ?’

ಬೋಳಾರಕ್ಕೆ ಹೋದೆ. ದೂಮಣ್ಣ ಜಗಲಿಯಲ್ಲಿ
ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು.
‘ಗಂಗೊಳ್ಳಿಗೆ ಫೋನು ಮಾಡಿ ಕಿವಿಗೆ ಹಿಡಿಯುವುದು.
ಪ್ರಿಂಟರು ಕರ್‌ ಕರ್‌ ಅನ್ನುತ್ತಿದ್ದರೆ
ಯಾರೋ ಚೀಟಿ ಬರೆಸುತ್ತಿದ್ದಾರೆ ಅಂತ.
ಅದು ಸುಮ್ಮನಾದ ಮೇಲೆ ಹದಿಮೂರು.
ಅಷ್ಟೇ ಮಾರ್ರೆ.’
ತುಟಿಯ ನಡುವೆ ಒಂದು ಸ್ಕ್ರೂ ಇತ್ತು,
ಅದನ್ನು ತೆಗೆಯದೆಯೇ ಹೇಳಿದರು.

ಆ ಪ್ರಿಂಟರು ಗುಜರಿಗೆ ಹೋಗಿ ಮೂರು ವರ್ಷ.
ತೊಂಬತ್ತನ್ನು ಅಳಿಸಿದೆ.
ಸ್ಕ್ರಿಪ್ಟು ಈಗ ಎಣಿಸುವುದಿಲ್ಲ, ಕೇಳುತ್ತದೆ:
ಯಾರಾದರೂ ಬರೆಯುತ್ತಿದ್ದೀರಾ?
ಹೊಸಬರನ್ನು ಪಕ್ಕದ ಬಾಗಿಲಿಗೆ ಕಳಿಸಿ
ಒಳಗಿದ್ದವರು ಮುಗಿಸುವ ತನಕ
ಹೊಸ್ತಿಲಲ್ಲಿ ನಿಲ್ಲುತ್ತದೆ.
ಕೆಲವು ರಾತ್ರಿ ಏಳು ಸೆಕೆಂಡು.
ಒಮ್ಮೆ, ಬೂತಾಯಿ ಬಿದ್ದ ದಿನ, ಹತ್ತೊಂಬತ್ತು ನಿಮಿಷ.
ಆ ಹತ್ತೊಂಬತ್ತೂ ನಿಮಿಷ ನಾನು ಎದ್ದೇ ಇದ್ದೆ,
ಯಾರೂ ಕೇಳಿರಲಿಲ್ಲ.

ಆ ತುಂಡಿಗೊಂದು ಹೆಸರು ಬೇಕಿತ್ತು. ‘ಒಂತೆ’ ಎಂದಿಟ್ಟೆ.
ಪುಣೆಯ ಆಡಿಟರು ಕೇಳಿ ಬರೆದಿದ್ದಾನೆ,
ಇದು ಯಾವುದರ ಸಂಕ್ಷಿಪ್ತ ರೂಪ?
ಇನ್ನೂ ಉತ್ತರಿಸಿಲ್ಲ.