ತೂಬಿನ ಹಲಗೆ

ಕೊಲಾಬಾದ ಲ್ಯಾಬಿನಲ್ಲಿ ರಾತ್ರಿ ಒಂದೂವರೆ.
ಕೂದಲಿಗಿಂತ ಸಪೂರದ ಗಾಜಿನ ನಳಿಗೆಯ ತುದಿ
ಇಲಿಮಿದುಳಿನ ಒಂದೇ ಒಂದು ಕೋಶಕ್ಕೆ
ಉಂಬಳದ ಹಾಗೆ ಕಚ್ಚಿಕೊಂಡಿದೆ.
ಪರದೆಯ ಮೇಲೆ ಹಸಿರು ಗೆರೆ
ಮೈನಸ್ ಎಪ್ಪತ್ತರಲ್ಲಿ ಮಲಗಿದೆ.

ಒಂದು ಹನಿ ಗ್ಲುಟಮೇಟ್ ಬಿಡುತ್ತೇನೆ.
ಗೆರೆ ಮಗ್ಗುಲು ಬದಲಿಸುತ್ತದೆ, ಅಷ್ಟೇ.
ಇನ್ನೊಂದು.
ಅರವತ್ತು. ಐವತ್ತೆಂಟು.
ಎದ್ದೇ ಬಿಟ್ಟಿತು!
ಸ್ಪೀಕರಿನಲ್ಲಿ ಟಪ್ಪೆಂದು ಸದ್ದು,
ಕಾದ ಎಣ್ಣೆಗೆ ಬಿದ್ದ ಸಾಸಿವೆಯದು.

"ಮಿದುಳಿನ ಕರೆಂಟು ತಂತಿಯದ್ದಲ್ಲ ಅಪ್ಪಾ,
ನಿನ್ನ ಉಪ್ಪಿನದೇ" ಅಂದಿದ್ದೆ ಒಮ್ಮೆ.
"ಹಾಗಾದರೆ ಕೂಲಿ ಬಾಕಿ ಇದೆ" ಅಂದಿದ್ದ.

ಸಾಣಿಕಟ್ಟಾದಿಂದ ಬಂದು ಭಾಂಡುಪಿನ ಆಗರದಲ್ಲಿ
ಮೂವತ್ತೊಂದು ವರ್ಷ ತೂಬು ಕಾದವನು ಹಮ್ಮಣ್ಣ.
ಭರತದ ಹೊತ್ತು, ಕಟ್ಟೆಯಾಚೆ ಖಾಡಿ ಉಬ್ಬಿ ನಿಂತಿರುವಾಗ
ಸೇಠನ ಆಫೀಸಿನಿಂದ ಹುಡುಗ ಓಡಿ ಬರುತ್ತಿದ್ದ,
ಮುಷ್ಟಿಯಲ್ಲಿ ಒಂದು ಚೀಟಿ.
ಅಪ್ಪನಿಗೆ ಓದು ಬಾರದು, ಚೀಟಿಯ ಬಣ್ಣ ಗೊತ್ತು.
ಹಳದಿಗೆ ಏಳದ ಹಲಗೆ ಕೆಂಪಿಗೆ ಏಳುತ್ತಿತ್ತು.
ಆಮೇಲಿನದೆಲ್ಲ ಸಮುದ್ರದ ಕೆಲಸ.
ಒಳನುಗ್ಗಲು ನೀರಿಗೆ ಯಾರ ಪಾಠವೂ ಬೇಡ.
ಹುಡುಗ ಆಗಲೇ ಹೊರಟುಹೋಗಿರುತ್ತಿದ್ದ.

ಕಳೆದ ಶ್ರಾವಣದಲ್ಲಿ ಅಪ್ಪ
ನನ್ನನ್ನು "ಸೋಮಿ" ಎಂದು ಕರೆದ. ಸತ್ತ ಅತ್ತೆಯ ಹೆಸರು.
ಚಪ್ಪಲಿಯನ್ನು ಫ್ರಿಜ್ಜಿನಲ್ಲಿಟ್ಟ.
ಮುಲುಂಡಿನ ಆಸ್ಪತ್ರೆಯಲ್ಲಿ ಡಾಕ್ಟರ್ ದೇವಸ್ಥಳಿ
ರಿಪೋರ್ಟು ತಿರುವಿ, "ಸೋಡಿಯಂ ನೂರಾ ಹದಿನಾಲ್ಕು,
ಮೈಯಲ್ಲಿ ಉಪ್ಪು ಕಮ್ಮಿ" ಅಂದಳು.
ಯಾರ ಮೈಯಲ್ಲಿ!
ನಗು ಬಂತು ನನಗೆ, ವಾರ್ಡಿನಲ್ಲಿ, ಎಲ್ಲರೆದುರು,
ಪಕ್ಕದ ಹಾಸಿಗೆಯ ಅಜ್ಜಿ ಮುಖ ತಿರುಗಿಸುವಷ್ಟು.

ಹನಿಹನಿಯಾಗಿ ಕೊಟ್ಟರು.
ಇದರಲ್ಲಿ ಅವಸರ ಕೂಡದಂತೆ.
ಮೂರನೆಯ ಬೆಳಿಗ್ಗೆ ಕಣ್ಣು ಬಿಟ್ಟು ಕೇಳಿದ:
"ಹಲಗೆ ಇಳಿಸಿದೆಯಾ, ಗುಲಾಬಿ?"
ಆಗರ ಮುಚ್ಚಿ ಎಂಟು ವರ್ಷ.
ಇಳಿಸಿದೆ ಅಂದೆ.
ನನ್ನ ಹೆಸರು ನನಗೆ ಉಪ್ಪುಪ್ಪಾಗಿ ಕೇಳಿಸಿತು.

ಗೆರೆ ಮತ್ತೆ ಎಪ್ಪತ್ತಕ್ಕಿಳಿದು ತಣ್ಣಗಿದೆ.
ಒಳಬಂದ ಉಪ್ಪನ್ನು ಕೋಶ ಈಗ ಹೊರಗೆ ಹೊರುತ್ತಿರುತ್ತದೆ,
ಸಲಕ್ಕೆ ಮೂರರಂತೆ, ಅಳತೆ ತಪ್ಪದೆ,
ಬುಟ್ಟಿ ಹೊತ್ತು ಕಟ್ಟೆಯ ಮೇಲೆ ಸಾಲು ಹಿಡಿದ
ಆಗರದ ಹೆಂಗಸರ ಹಾಗೆ.
ಅವರ ನಡಿಗೆಗೆ ಸ್ಪೀಕರಿನಲ್ಲಿ ಸದ್ದಿಲ್ಲ.

ಮೊದಲ ಲೋಕಲಿಗೆ ಇನ್ನೂ ಹೊತ್ತಿದೆ.
ಇನ್ನೊಂದು ಹನಿ ಬಿಡುತ್ತೇನೆ.