ಒತ್ತು

ಭಾನುವಾರ ಬೆಳಗ್ಗೆ ಏಳಕ್ಕೆಲ್ಲ
ಬಿವಿಕೆ ಅಯ್ಯಂಗಾರ್ ರಸ್ತೆಯ ಅಂಚಿಗೆ
ಅಫ್ಸರ್ ಪಾಷಾ ಟಾರ್ಪಾಲು ಹಾಸುತ್ತಾನೆ.
ಕಿವಿ ಮುರಿದ ಕೊಳದಪ್ಪಲೆ, ಬತ್ತಿ ಸ್ಟವ್ವು,
ಒಂದು ಕಾಲಕ್ಕೆ ಬಿಳಿಯಿದ್ದ ಎನಾಮಲ್ ತಟ್ಟೆ.
ಪಾವಿದೆ, ಚಟಾಕಿದೆ, ಸೇರನ್ನು ಯಾರೋ ಒಯ್ದಿದ್ದಾರೆ.
ಮಂಡಿ ಹಿಡಿದುಕೊಂಡೇ ಕೂರುತ್ತೇನೆ.
ಒಂದೊಂದನ್ನೂ ಎತ್ತಿ ಕಂಠದ ಹತ್ತಿರ
ಹೆಬ್ಬೆರಳು ಸವರುತ್ತೇನೆ.
ಕಣ್ಣಿಗಿಂತ ಮೊದಲು ಅದು ಓದುತ್ತದೆ.

'ಹೆಸರಿರೋದು ನಿಮಗೆ, ಹೆಸರಿಲ್ಲದ್ದು ಕೆಫೆಯವರಿಗೆ'
ಇದು ಪಾಷಾನ ವ್ಯಾಪಾರ.
ಇಂದಿರಾನಗರದಿಂದ ಬರುವ ಹುಡುಗಿಗೆ
ಹಳೆಯದೇ ಬೇಕು, ಆದರೆ ಯಾರದೂ ಆಗಿರಬಾರದು.
ಹೋದ ತಿಂಗಳು ಒಂದು ಹಂಡೆಯ ಮೇಲಿನ
ಮದುವೆಯ ತಾರೀಖು, ತವರಿನ ಊರು, ಎಲ್ಲ
ಬಫ್ ಹಾಕಿಸಿ ಅಳಿಸಿಕೊಂಡು ಹೋದಳು.
ಅದರಲ್ಲೀಗ ಬಿದಿರು ಬೆಳೆಯುತ್ತಿದೆಯಂತೆ.
ಸಿಟ್ಟೇನಿಲ್ಲ. ಹೆಸರಿದ್ದರೆ ರೇಟು ಇಳಿಯುತ್ತದೆ,
ನನಗೆ ತೂಕದ ಲೆಕ್ಕಕ್ಕೆ ಸಿಗುತ್ತದೆ.

ಮೂವತ್ತೊಂದು ವರ್ಷ ಮಾಮೂಲ್‌ಪೇಟೆಯಲ್ಲಿ
ಗುಂಡಯ್ಯ ಶೆಟ್ಟರ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ
ಉಳಿ ಹಿಡಿದು ಕೂತವನು ನಾನು.
ಅಕ್ಷರಕ್ಕೆ ಐದು ಪೈಸೆ.
ಮದುವೆ ಹಂಗಾಮಿನಲ್ಲಿ ರಾತ್ರಿ ಉಣ್ಣುವಾಗಲೂ
ಕಿವಿಯೊಳಗೆ ಸುತ್ತಿಗೆ ನಡೆಯುತ್ತಿತ್ತು.
ಶಾಲೆ ಕಂಡದ್ದು ಮೂರನೇ ಕ್ಲಾಸು.
ಮಿಕ್ಕ ಕನ್ನಡವೆಲ್ಲ ಹೆಂಗಸರ ಹೆಸರಿನಿಂದ ಬಂತು.
ಜ್ಞ ಕಲಿತದ್ದು ಜ್ಞಾನಾಂಬ ಎಂಬುವರ ಹಾಲಿನ ಬಟ್ಟಲ ಮೇಲೆ,
ಎರಡು ಬಟ್ಟಲು ಕೆಡಿಸಿ.

ಜಗಳವೆಲ್ಲ ಒತ್ತಕ್ಷರದ್ದು.
'ಕೆಳಗೆ ನೇತಾಡೋದಕ್ಕೂ ಕಾಸೇನಯ್ಯಾ?'
ಉಳಿ ತಾಗಿದರೆ ದುಡ್ಡು, ಶೆಟ್ಟರ ಕಾನೂನು.
ಸೊನ್ನೆಗೆ ಮಾತ್ರ ಮಾಫಿ,
ಅವರ ಹೆಸರಲ್ಲೇ ಒಂದಿತ್ತಲ್ಲ.
ಹೀಗೆ ಬಡವರ ಹೆಸರು ಬೋಳಾದವು.
ಲಕ್ಕಮ್ಮ ಲಕಮ ಆದಳು, ಬೆಟ್ಟಮ್ಮ ಬೆಟಮ.
ಬೀದಿಯಲ್ಲಿ ಗಂಟಲು ತುಂಬ ಕೂಗಿಸಿಕೊಂಡ ಹೆಸರು
ಹಿತ್ತಾಳೆಯ ಮೇಲೆ ಉಪವಾಸ.

ಅವರಲ್ಲಿ ಒಬ್ಬಳು
ಒತ್ತು ಶಾವಿಗೆಯ ಒರಳು ಕೊಂಡಳು.
ಕಾಟನ್‌ಪೇಟೆಯ ಮೂಲೆಯಲ್ಲಿ ಶಾವಿಗೆ ಮಾರಬೇಕು,
ವಠಾರದಲ್ಲಿ ಸಾಮಾನು ಅದಲುಬದಲಾಗ್ತವೆ,
ಹೆಸರು ಹಾಕು ಅಂದಳು. ಚಿಕ್ಕತಾಯಮ್ಮ.
ಸೆರಗಿನ ಗಂಟಲ್ಲಿ ನಾಲ್ಕಾಣೆ.
ಐದಕ್ಷರಕ್ಕೆ ಸರಿಯಾಯಿತು, ಎರಡು ಒತ್ತು ಹೊರಗುಳಿದವು.
ಕೊರೆದು ಕೊಟ್ಟೆ. ಅವಳು ಬೆರಳಿಟ್ಟು ನಡೆಸಿ,
'ಇದು ನನ್ನ ಹೆಸರೇ ತಾನೆ?' ಅಂದಳು.
ಓದು ಬಾರದವಳು.
ಹೂಂ ಅಂದೆ.

ಈ ಭಾನುವಾರ ಮಿಕ್ಸಿ ಜಾರುಗಳ ರಾಶಿಯಡಿ
ಹೆಬ್ಬೆರಳು ಗಕ್ಕನೆ ನಿಂತಿತು.
ಚಿಕತಾಯಮ.
ಬಲಕ್ಕೆ ವಾಲಿದ ತಲೆಕಟ್ಟು ನನ್ನದೇ.
ಬಿಲ್ಲೆಯ ತೂತುಗಳು ಸವೆದು ಅಗಲವಾಗಿವೆ,
ಹಿಡಿಯ ಎಡಗಡೆ ಅಂಗೈಯಷ್ಟು ತಗ್ಗು.
ಎಷ್ಟು ಮುಂಜಾನೆಗಳ ಭಾರವೋ.
ಹೇಳಿದ ಒಂಬೈನೂರನ್ನೂ ಎಣಿಸಿ ಕೊಟ್ಟೆ.
ಚೌಕಾಸಿ ಇಲ್ಲದ್ದಕ್ಕೆ ಪಾಷಾ ಗಾಬರಿಯಾಗಿ
ಐವತ್ತು ತಾನೇ ವಾಪಸು ಕೊಟ್ಟ.

'ಇವತ್ತು ಯಾವ ಹೆಂಗಸನ್ನ ಕರಕೊಂಡು ಬಂದ್ರಿ?'
ಬಾಗಿಲಲ್ಲೇ ಹೆಂಡತಿ.
ಅಟ್ಟದಲ್ಲಿ ಆಗಲೇ ನೂರಾ ಹನ್ನೆರಡು ಮಂದಿ,
ಹುಣಿಸೆಹಣ್ಣು ಕಾಣದೆ ಕಪ್ಪಾಗಿ ಕೂತಿದ್ದಾರೆ.
ಇದನ್ನು ಮಾತ್ರ ಅವಳೇ ತಿಕ್ಕಿದಳು.
ತಿಕ್ಕುತ್ತ ಓದಿ, 'ಇದೆಂಥಾ ಹೆಸರು ರೀ?' ಅಂದಳು.

ರಾತ್ರಿ ಉಳಿ ತೆಗೆದೆ.
ಕ ಕೆಳಗೆ, ಮ ಕೆಳಗೆ, ಕಾಳಿನಷ್ಟು ಜಾಗ ಇದೆ.
ಬಿಟ್ಟವನು ನಾನೇ ಇರಬೇಕು;
ಹತ್ತು ಪೈಸೆ ತಂದುಕೊಡುತ್ತಾಳೆ ಅಂತಲೋ,
ನಾನೇ ಹಾಕಿಬಿಡೋಣ ಅಂತಲೋ, ನೆನಪಿಲ್ಲ.
ಮೊದಲ ಏಟಿಗೆ ಕೈ ನಡುಗಿ ಉಳಿ ಜಾರಿತು.
ಆಮೇಲೆ ಚುಕ್ಕಿ ಚುಕ್ಕಿಯಾಗಿ ಕ್ಕ ಬಂತು,
ಕುಡಿದವನಂತೆ ವಾಲಿದ ಕ್ಕ.
ಮೇಲ್ಮನೆಯವರು ನೆಲ ಬಡಿದರು.
ಹೆಂಡತಿ ಲೈಟು ಆರಿಸಿದಳು.

ಇನ್ನೂ ಐದು ಪೈಸೆ ಬಾಕಿ.